ಮಣ್ಣು ಮಾಡುವ ಹಕ್ಕು ಬೇರೆ, ಪಹಣಿ ಬೇರೆ

ರಾತ್ರಿ ಹನ್ನೊಂದಾದ ಮೇಲೆ ವಕೀಲರಿಗೆ ಫೋನ್ ಬಂದರೆ ಸಾಮಾನ್ಯವಾಗಿ ಎರಡೇ ಕಾರಣ. ಯಾರನ್ನೋ ಸ್ಟೇಷನ್‌ಗೆ ಕರೆದೊಯ್ದಿರುತ್ತಾರೆ, ಇಲ್ಲವೇ ಯಾರೋ ಹೋಗಿಬಿಟ್ಟಿರುತ್ತಾರೆ. ಆವತ್ತು ಬಂದದ್ದು ಎರಡನೆಯದು. "ಮೇಡಂ, ಬಾಡಿ ಯಾರಿಗೆ ಕೊಡ್ಬೇಕು ಅಂತ ಜಗಳ ಆಗ್ತಿದೆ, ಬೆಳಿಗ್ಗೆ ಬರ್ತೀರಾ?"

ಗುಬ್ಬಿ ರಸ್ತೆಯಲ್ಲಿ ಬೈಕ್ ಅಪಘಾತ. ಪಂಚನಾಮೆ, ಪೋಸ್ಟ್‌ಮಾರ್ಟಂ ಮುಗಿದಿತ್ತು. ಇಂಥ ಸಾವಿನಲ್ಲಿ ಪೋಸ್ಟ್‌ಮಾರ್ಟಂ ಬೇಡ ಅನ್ನುವ ಹಕ್ಕು ಮನೆಯವರಿಗಿಲ್ಲ. ತುಮಕೂರಿನ ಶವಾಗಾರದ ಮುಂದೆ ಹೆಂಡತಿ ನಿಂತಿದ್ದರು. ಗಂಡನ ವಾಚು, ಪರ್ಸು ಇದ್ದ ಪ್ಲಾಸ್ಟಿಕ್ ಕವರ್ ಕೈಯಲ್ಲೇ ಇತ್ತು. ಎದುರಿಗೆ ಗಂಡನ ಅಣ್ಣ. "ನೋಡಮ್ಮ, ತೋಟದಲ್ಲಿ ಅಪ್ಪನ ಪಕ್ಕ ಗುಣಿ ತೋಡಿಸಿ ಬಂದಿದ್ದೀನಿ. ನಿನಗೆ ಗಂಡುಮಕ್ಕಳಿಲ್ಲ, ಕಾರ್ಯ ನನ್ನ ಮಗ ಮಾಡ್ತಾನೆ." ಆಕೆ ಒಪ್ಪಲಿಲ್ಲ. ಇಲ್ಲೇ, ತುಮಕೂರಲ್ಲೇ ಸುಡಬೇಕು ಅಂತ ಪಟ್ಟು.

ಸಬ್‌ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದರು. ಕಾನೂನು ಏನು ಹೇಳುತ್ತೆ? ನಿಜ ಹೇಳಬೇಕೆಂದರೆ, ಬಹಳ ಕಡಿಮೆ. ಶವ ಯಾರ ಆಸ್ತಿಯೂ ಅಲ್ಲ. ಮೊದಲು ಹೆಂಡತಿ, ಆಮೇಲೆ ಮಕ್ಕಳು, ಆಮೇಲೆ ಅಣ್ಣತಮ್ಮಂದಿರು ಅಂತ ಸಾಲು ಹಾಕಿಕೊಟ್ಟ ಕಾಯ್ದೆ ನಮ್ಮಲ್ಲಿಲ್ಲ. ಸತ್ತವರಿಗೂ ಗೌರವದ ಹಕ್ಕಿದೆ ಅಂತ ಸಂವಿಧಾನದ 21ನೇ ವಿಧಿ ಹಿಡಿದು ಕೋರ್ಟ್‌ಗಳು ಹೇಳಿವೆ, ಅಷ್ಟೇ. ಜೊತೆಗೆ ಬಾಳಿದ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳು ಇದ್ದರೆ ಪೊಲೀಸರು ಅವರ ಸಹಿ ಹಾಕಿಸಿಕೊಂಡು ಶವ ಕೊಡುತ್ತಾರೆ. ಅದು ರೂಢಿ. ಒಳ್ಳೆಯ ರೂಢಿ ಅಂತಲೇ ನನ್ನ ಅಭಿಪ್ರಾಯ.

ಆಕೆಯನ್ನು ಪಕ್ಕಕ್ಕೆ ಕರೆದು ಕೇಳಿದೆ, ತೋಟದಲ್ಲಿ ಯಾಕೆ ಬೇಡ? "ಮೇಡಂ, ಅವರ ಮಗ ಮುಂದೆ ನಿಂತು ಕಾರ್ಯ ಮಾಡಿದ್ರೆ, ನಾಳೆ ನಮ್ಮ ಯಜಮಾನರ ಭಾಗಾನೂ ಅವನದೇ ಅಂತಾರೆ. ನನ್ನ ಹೆಣ್ಣುಮಕ್ಕಳಿಗೆ ಏನು ಉಳಿಯುತ್ತೆ?"

ಜಗಳ ಇದ್ದದ್ದು ಹೆಣದ ಮೇಲಲ್ಲ, ಪಹಣಿ ಮೇಲೆ. ನಮ್ಮ ಕಡೆ ಇದು ಜಾಸ್ತಿ. ಕೊಳ್ಳಿ ಇಟ್ಟವನಿಗೆ ಆಸ್ತಿ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ವಿಲ್ ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಭಾಗ ಹೆಂಡತಿ, ಮಕ್ಕಳು, ಬದುಕಿದ್ದರೆ ತಾಯಿ, ಇವರಿಗೆ ಸಮವಾಗಿ ಹೋಗುತ್ತದೆ. ಇವರಲ್ಲಿ ಒಬ್ಬರಿದ್ದರೂ ಅಣ್ಣನಿಗೆ ಅದರಲ್ಲಿ ಪಾಲಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ಕಾರ್ಯ ಯಾರು ಮಾಡಿದರು ಅಂತ ಯಾವ ಕಲಮೂ ಕೇಳುವುದಿಲ್ಲ. ಇದನ್ನು ಭಾವನ ಎದುರಿಗೇ ಹೇಳಿದೆ. ಅವರು ತಲೆ ತಗ್ಗಿಸಿ, "ನಮಗೂ ಅದೇನು ಬೇಡ ಬಿಡಿ" ಅಂದರು. ಆ ಭಯ ಹೋದ ಮೇಲೆ ಆಕೆಯೂ ತೋಟಕ್ಕೆ ಒಪ್ಪಿದರು. ಶವ ಪಡೆದ ಕಾಗದಕ್ಕೆ ಆಕೆ ಸಹಿ ಹಾಕಿದರು, ಭಾವ ಸಾಕ್ಷಿ ಹಾಕಿದರು. ಮಧ್ಯಾಹ್ನ ತೋಟದಲ್ಲಿ ಮೊದಲ ಮೂರು ಹಿಡಿ ಮಣ್ಣು ಹಾಕಿದ್ದು ದೊಡ್ಡ ಮಗಳು.

ಬಿಲ್ ಬಾಕಿ ಇದೆ ಅಂತ ಖಾಸಗಿ ಆಸ್ಪತ್ರೆ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆದ 2017ರ ತಿದ್ದುಪಡಿಯಲ್ಲೇ ಇದು ಬಂದಿದೆ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಲಿ.

ದೇಹದಾನದ ಆಸೆ ಇದ್ದವರು ಒಂದು ಕೆಲಸ ಮಾಡಿ. ಸುಮ್ನೆ ವಿಲ್‌ನಲ್ಲಿ ಬರೆದು ಬೀರುವಿನಲ್ಲಿ ಇಡಬೇಡಿ. ಅದನ್ನು ತೆಗೆಯುವಷ್ಟರಲ್ಲಿ ಹಾಲು-ತುಪ್ಪ ಮುಗಿದಿರುತ್ತದೆ. ಇಬ್ಬರು ಸಾಕ್ಷಿಗಳ ಮುಂದೆ ಬರೆದು, ಮಕ್ಕಳೆಲ್ಲರಿಗೂ ಹೇಳಿ. ಕೇರಳದ ಕಮ್ಯುನಿಸ್ಟ್ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ, ದೇಹದಾನ ಮಾಡಬೇಕೆಂದು ಅಪ್ಪ ಬಾಯಲ್ಲಿ ಹೇಳಿದ್ದರು ಅಂತ ಮಗ, ಕ್ರೈಸ್ತ ಪದ್ಧತಿಯಂತೆ ಮಣ್ಣಾಗಬೇಕು ಅಂತ ಮಗಳು. ಹೈಕೋರ್ಟ್ ದಾನದ ಪರವಾಗಿ ನಿಂತಿತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ, ಆದರೆ ಅಷ್ಟರಲ್ಲಿ 2025ರ ಜನವರಿ ಬಂದಿತ್ತು.

ತೋಟದ ವಿಷಯಕ್ಕೆ ಬಂದರೆ, ಅಲ್ಲಿಗೇ ಮುಗಿಯಲಿಲ್ಲ. ಜಮೀನು ಇನ್ನೂ ಜಂಟಿ ಖಾತೆ. ವಿಭಾಗವಾದಾಗ ಆ ತುಂಡು ಭಾವನ ಕಡೆ ಬಿದ್ದರೆ, ವರ್ಷಕ್ಕೊಮ್ಮೆ ಪೂಜೆಗೆ ಇವರು ಹೋಗುವುದು ಹೇಗೆ? ಸಮಾಧಿಗೆ ಸಿಮೆಂಟ್ ಹಾಕಿಸುವ ಮೊದಲೇ ವಿಭಾಗ ಪತ್ರ ಮಾಡಿಸಿದೆವು. ಹತ್ತಡಿಗೆ ಹತ್ತಡಿ ಜಾಗ, ರಸ್ತೆಯಿಂದ ಅಲ್ಲಿಗೆ ಮೂರಡಿ ದಾರಿ, ಎರಡೂ ಮನೆಯವರಿಗೆ ಸೇರಿದ್ದು ಅಂತ ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಸಮೇತ ಬರೆಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು.