ಯೋಗಕ್ಷೇಮ ಎಂದರೇನು: ಗಳಿಸುವುದು, ಕಾಯುವುದು, ಪಾಲಿಗೆ ಬಾರದ್ದು

ಹಳೆಯ ಕಾಗದಗಳಲ್ಲಿ ‘ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಯೋಗಕ್ಷೇಮಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಿ’ ಎಂಬ ಸಾಲು ತಪ್ಪದೆ ಇರುತ್ತಿತ್ತು. ಕಲಬುರಗಿ, ಬೀದರ್, ಯಾದಗಿರಿಯ ಕಡೆ ಎದುರಿಗೆ ಸಿಕ್ಕವರನ್ನು ‘ಆರಾಮ ಇದ್ದೀರೇನ್ರಿ?’ ಎಂದು ಮಾತನಾಡಿಸುವುದೇ ರೂಢಿಯಾದ್ದರಿಂದ ಈ ಪದ ಬಾಯಿಗೆ ಬರುವುದು ಕಡಿಮೆ. ಬರಹದಲ್ಲಿ, ಪ್ರವಚನದಲ್ಲಿ, ಜೀವ ವಿಮಾ ನಿಗಮದ ಲಾಂಛನದಲ್ಲಿ ದೀಪವನ್ನು ಮರೆಮಾಡಿ ಕಾಯುವ ಎರಡು ಕೈಗಳ ಕೆಳಗೆ ಕಣ್ಣಿಗೆ ಬೀಳುವುದು ಹೆಚ್ಚು. ಎಲ್ಲ ಕಡೆಯೂ ಅದಕ್ಕೆ ‘ಚೆನ್ನಾಗಿರುವುದು’ ಎಂಬ ಒಂದೇ ಅರ್ಥ ಹಚ್ಚಿ ನಾವು ಮುಂದೆ ಹೋಗುತ್ತೇವೆ. ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಅದು ಎರಡು ಬೇರೆ ಬೇರೆ ಕೆಲಸಗಳ ಹೆಸರು. ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ ಅದನ್ನು ಚುಟುಕಾಗಿ ಹೇಳಿದ್ದಾರೆ: ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ. ಇಲ್ಲಿ ಯೋಗವೆಂದರೆ ಆಸನ, ಪ್ರಾಣಾಯಾಮಗಳ ಯೋಗವಲ್ಲ. ‘ಅವರಿಗೆ ಯೋಗ ಕೂಡಿಬಂತು’ ಎನ್ನುವಾಗಿನ ಅದೃಷ್ಟವೂ ಅಲ್ಲ.

ತೊಗರಿ ಬೆಳೆಯುವವರಿಗೆ ಈ ಎರಡು ಕೆಲಸಗಳ ನಡುವಿನ ಗೆರೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮುಂಗಾರಿನಲ್ಲಿ ಬಿತ್ತಿ, ಎಳ್ಳ ಅಮಾವಾಸ್ಯೆಯ ಹಿಂದೆ ಮುಂದೆ ಕೊಯ್ದು, ರಾಶಿ ಮಾಡಿ ಕಾಳನ್ನು ಮನೆಗೆ ತರುವ ತನಕದ್ದೆಲ್ಲ ಯೋಗ. ಆ ಕಾಳಿಗೆ ಹುಳ ಬೀಳದಂತೆ ಬಿಸಿಲಿಗೆ ಹರವಿ ಒಣಗಿಸುವುದು, ಮುಂದಿನ ವರ್ಷದ ಬೀಜವನ್ನು ಬೇವಿನ ಎಲೆ ಬೆರೆಸಿ ಬೇರೆ ಎತ್ತಿಡುವುದು, ಧಾರಣೆ ಏರುವ ತನಕ ಮಾರದೆ ತಡೆದುಕೊಳ್ಳುವುದು, ಬಂದ ಹಣ ಮದುವೆ ಮುಂಜಿಗಳ ಆಡಂಬರಕ್ಕೆ ಕರಗಿಹೋಗದಂತೆ ನೋಡಿಕೊಳ್ಳುವುದು ಕ್ಷೇಮ. ಹಿಂದೆ ಈ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಲ್ಲಿ ತೋಡಿದ ಆಳವಾದ ಗುಂಡಿಯ ಸುತ್ತಲೂ ಹುಲ್ಲು ಒತ್ತಿ, ಕಾಳು ಸುರಿದು, ಬಾಯಿಗೆ ಬಂಡೆ ಹೊದಿಸಿ ಮಣ್ಣಿನಿಂದ ಮೆತ್ತಿದರೆ ಬರಗಾಲದ ವರ್ಷಕ್ಕೆ ಅದೇ ಆಸರೆ. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗಲೆಂದು ಸಾಕಷ್ಟು ಹೊತ್ತು ಕಾದು ನಂತರವೇ ಇಳಿಯುತ್ತಿದ್ದರು. ಕಾಯುವ ಕೆಲಸಕ್ಕೂ ಬೆಳೆಯುವ ಕೆಲಸದಷ್ಟೇ ತಿಳಿವಳಿಕೆ ಬೇಕು ಎಂಬುದು ಆ ಕಾಲದ ಮನೆತನಗಳಿಗೆ ರೂಢಿಯಿಂದಲೇ ಬಂದಿತ್ತು.

ನನಗೆ ಕಾಣುವಂತೆ ನಮ್ಮ ಮನೆಗಳಲ್ಲಿ ಯೋಗಕ್ಕೆ ಸಿಗುವ ಮರ್ಯಾದೆ ಕ್ಷೇಮಕ್ಕೆ ಸಿಗುವುದಿಲ್ಲ. ಸಂಬಳ ತರುವವರು, ರಾಶಿ ತರುವವರು ಮನೆಯ ಯಜಮಾನರೆನಿಸಿಕೊಳ್ಳುತ್ತಾರೆ. ಬೇಳೆಕಾಳು ಹಸನು ಮಾಡಿ ಡಬ್ಬಿ ತುಂಬುವವರು, ಮುದುಕರಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವವರು, ಸಾಲದ ಕಂತಿನ ದಿನವನ್ನು ನೆನಪಿನಲ್ಲಿ ಇಟ್ಟುಕೊಳ್ಳುವವರು, ಮುನಿಸಿಕೊಂಡ ಬೀಗರ ಮನೆಗೆ ಹೋಗಿ ಮಾತನಾಡಿಸಿ ಬರುವವರು ‘ಮನೆಯಲ್ಲೇ ಇರುತ್ತಾರೆ’ ಎಂಬ ಮಾತಿಗೆ ಗುರಿಯಾಗುತ್ತಾರೆ. ಇವರಲ್ಲಿ ಹೆಚ್ಚಿನವರು ಹೆಂಗಸರು. ಪದದ ಅರ್ಧಭಾಗ ಅವರ ದುಡಿಮೆಯೇ ಆಗಿದೆ ಎಂಬುದನ್ನು ಒಪ್ಪಿಕೊಳ್ಳದೆ ಯೋಗಕ್ಷೇಮದ ಬಗ್ಗೆ ಪ್ರವಚನ ಮಾಡುವುದರಲ್ಲಿ ಅರ್ಥವಿಲ್ಲ.

ಪದದ ಹಳಮೆ ವೇದಗಳಷ್ಟು ಹಿಂದಕ್ಕೆ ಹೋಗುತ್ತದೆ. ಅಶ್ವಮೇಧದ ಸಂದರ್ಭದಲ್ಲಿ ನಾಡಿಗಾಗಿ ಮಾಡುವ ಒಂದು ಪ್ರಾರ್ಥನೆ ಯಜುರ್ವೇದದಲ್ಲಿದೆ. ಇಂದಿಗೂ ಅನೇಕ ಕಡೆ ಆಶೀರ್ವಾದದ ಮಂತ್ರವಾಗಿ ಅದನ್ನು ಹೇಳುತ್ತಾರೆ. ತೇಜಸ್ವಿಯಾದ ವಿದ್ವಾಂಸರು, ಶೂರರಾದ ಯೋಧರು, ಹಾಲು ಕೊಡುವ ಹಸು, ಭಾರ ಎಳೆಯುವ ಎತ್ತು, ವೇಗದ ಕುದುರೆ ಇವನ್ನೆಲ್ಲ ಬೇಡಿಕೊಂಡ ನಂತರ ‘ನಾವು ಬಯಸಿದಾಗಲೆಲ್ಲ ಮಳೆ ಸುರಿಯಲಿ, ಪೈರುಗಳು ಫಲ ಕಟ್ಟಿ ಮಾಗಲಿ, ಯೋಗಕ್ಷೇಮೋ ನಃ ಕಲ್ಪತಾಮ್ (ನಮಗೆ ಯೋಗಕ್ಷೇಮ ಒದಗಲಿ)’ ಎಂದು ಅದು ಮುಗಿಯುತ್ತದೆ. ಮಳೆಯನ್ನೇ ನಂಬಿದ ಕಪ್ಪು ಮಣ್ಣಿನ ನಾಡಿನವರಿಗೆ ಈ ಬೇಡಿಕೆ ಯಾವುದೋ ಕಾಲದ್ದು ಎನಿಸಲಾರದು. ಗಮನಿಸಬೇಕಾದದ್ದು ‘ನಃ’ ಎಂಬ ಬಹುವಚನ. ಒಬ್ಬನ ಹೊಲದ ಮೇಲೆ ಮಾತ್ರ ಮಳೆ ಬೀಳಲಿ ಎಂದು ಅಲ್ಲಿ ಯಾರೂ ಕೇಳುತ್ತಿಲ್ಲ. ರಾಜನೀತಿಯ ಗ್ರಂಥವಾದ ಅರ್ಥಶಾಸ್ತ್ರವೂ ತರ್ಕವಿದ್ಯೆ, ವೇದ, ಕೃಷಿ ವಾಣಿಜ್ಯಗಳ ಯೋಗಕ್ಷೇಮಕ್ಕೆ ದಂಡ, ಅಂದರೆ ಶಿಕ್ಷಿಸುವ ರಾಜಾಧಿಕಾರವೇ ಸಾಧನ ಎಂದು ಹೇಳುವಾಗ ಇದೇ ಸಾರ್ವಜನಿಕ ಅರ್ಥವನ್ನು ಹಿಡಿದಿದೆ.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ಪದ ಇನ್ನಷ್ಟು ಹತ್ತಿರಕ್ಕೆ, ಮೈಯೊಳಕ್ಕೇ ಬರುತ್ತದೆ. ಮನೆಗೆ ಬಂದ ಯಾರನ್ನೂ ಇಲ್ಲವೆಂದು ಕಳುಹಿಸಬಾರದು, ಅದಕ್ಕಾಗಿಯೇ ಯಾವುದಾದರೂ ಬಗೆಯಿಂದ ಹೆಚ್ಚು ಅನ್ನವನ್ನು ಸಂಪಾದಿಸಬೇಕು ಎಂದು ಹೇಳಿದ ಬೆನ್ನಿಗೇ ಆ ಉಪನಿಷತ್ತು ‘ಕ್ಷೇಮ ಇತಿ ವಾಚಿ, ಯೋಗಕ್ಷೇಮ ಇತಿ ಪ್ರಾಣಾಪಾನಯೋಃ’ ಎನ್ನುತ್ತದೆ. ಬ್ರಹ್ಮವನ್ನು ಮಾತಿನಲ್ಲಿ ಕ್ಷೇಮವೆಂದೂ, ಉಸಿರಾಟದಲ್ಲಿ ಯೋಗಕ್ಷೇಮವೆಂದೂ, ಕೈಗಳಲ್ಲಿ ಕೆಲಸವೆಂದೂ, ಕಾಲುಗಳಲ್ಲಿ ನಡಿಗೆಯೆಂದೂ ಉಪಾಸನೆ ಮಾಡಬೇಕಂತೆ. ಉಸಿರಿಗೆ ಎರಡೂ ಸಲ್ಲುತ್ತವೆ, ಒಳಗೆ ತರುವುದೂ ಒಳಗಿನದನ್ನು ಉಳಿಸುವುದೂ ಅದರ ಕೆಲಸ. ಮಾತಿಗೆ ಮಾತ್ರ ಯೋಗದ ಹೊಣೆಯನ್ನು ಹೊರಿಸಿಲ್ಲ. ಇದ್ದದ್ದನ್ನು ಕಾಯುವುದಷ್ಟೇ ಅದರ ಪಾಲಿಗೆ ಬಂದಿದೆ. ಭಾಷ್ಯಕಾರರು ಇದನ್ನು ಉಪಾಸನೆಯ ಕ್ರಮವೆಂದು ವಿವರಿಸುತ್ತಾರೆ, ಅದು ಸರಿಯೇ. ಆದರೆ ಅಣ್ಣತಮ್ಮಂದಿರು, ಅತ್ತೆ ಸೊಸೆಯಂದಿರು ಒಂದೇ ಸೂರಿನ ಕೆಳಗೆ ಬಾಳುವ ಮನೆಯಲ್ಲಿ ಸಾಧಾರಣ ಓದುಗರೂ ಆ ಸಾಲಿನಿಂದ ಒಂದು ಅಳತೆಗೋಲನ್ನು ಪಡೆಯಬಹುದು: ಈಗ ನಾನು ಆಡಹೊರಟ ಮಾತು ಇರುವ ಸಂಬಂಧವನ್ನು ಕಾಯುತ್ತದೆಯೇ, ಇಲ್ಲವೇ ನನಗೊಂದು ಗೆಲುವನ್ನು ತಂದುಕೊಡಲು ಹೊರಟಿದೆಯೇ?

ಇಷ್ಟು ಹೊಗಳಿಸಿಕೊಂಡ ಯೋಗಕ್ಷೇಮವನ್ನು ಶಾಸ್ತ್ರವೇ ಇನ್ನೊಂದು ಕಡೆ ಸಂಶಯದಿಂದ ನೋಡುತ್ತದೆ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು (ಹಿತವಾದದ್ದು), ಪ್ರೇಯಸ್ಸು (ಪ್ರಿಯವಾದದ್ದು) ಎಂಬ ಎರಡು ದಾರಿಗಳನ್ನು ತೋರಿಸಿ, ವಿವೇಕಿಯು ಶ್ರೇಯಸ್ಸನ್ನು ಆರಿಸಿಕೊಳ್ಳುತ್ತಾನೆ, ಮಂದಬುದ್ಧಿಯವನು ಯೋಗಕ್ಷೇಮದ ಆಸೆಯಿಂದ ಪ್ರೇಯಸ್ಸನ್ನು ಹಿಡಿಯುತ್ತಾನೆ ಎನ್ನುತ್ತಾನೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣನು ಅರ್ಜುನನಿಗೆ ‘ನಿರ್ಯೋಗಕ್ಷೇಮನಾಗು’, ಅಂದರೆ ಯೋಗಕ್ಷೇಮದ ಚಿಂತೆ ಬಿಟ್ಟವನಾಗು ಎನ್ನುತ್ತಾನೆ. ಗಳಿಸುವುದು, ಕಾಯುವುದು ಇವೇ ಮುಖ್ಯವಾದವನಿಗೆ ಶ್ರೇಯಸ್ಸಿನ ಕಡೆಗೆ ಹೆಜ್ಜೆ ಇಡುವುದು ಕಷ್ಟ ಎಂದು ಶಂಕರರು ಅಲ್ಲಿ ಕಾರಣ ಕೊಡುತ್ತಾರೆ. ಸಂಸಾರಿಗಳಿಗೆ ಇದರ ರುಚಿ ಒಂದಿಷ್ಟಾದರೂ ಸಿಗುವುದು ಗಾಣಗಾಪುರದಂತಹ ಕ್ಷೇತ್ರದಲ್ಲಿ. ಭೀಮಾ, ಅಮರ್ಜಾ ನದಿಗಳು ಕೂಡುವ ಆ ದತ್ತಕ್ಷೇತ್ರಕ್ಕೆ ಬಂದವರು, ಊರಲ್ಲಿ ಎಷ್ಟೇ ಅನುಕೂಲಸ್ಥರಾಗಿದ್ದರೂ, ಜೋಳಿಗೆ ಹಿಡಿದು ಮನೆಯಿಂದ ಮನೆಗೆ ಮಧುಕರಿ ಬೇಡುವ ಸಂಪ್ರದಾಯವಿದೆ. ನೀಡಿದವರು ಯಾರು, ನೀಡಿದ್ದು ಏನು ಎಂದು ಆರಿಸುವ ಹಕ್ಕು ಅಲ್ಲಿ ಬೇಡುವವರಿಗಿಲ್ಲ, ನಾಳೆಗೆಂದು ಕೂಡಿಡುವುದು ಮಧುಕರಿಯ ರೀತಿಯಲ್ಲ.

ಹಾಗಾದರೆ ಗೀತೆಯ ಒಂಬತ್ತನೆಯ ಅಧ್ಯಾಯದ ‘ಯೋಗಕ್ಷೇಮಂ ವಹಾಮ್ಯಹಮ್’ ಎಂಬ ಪ್ರಸಿದ್ಧ ಮಾತನ್ನು ಹೇಗೆ ತಿಳಿಯಬೇಕು? ಬೇರೆ ಯೋಚನೆಯಿಲ್ಲದೆ ನನ್ನನ್ನೇ ಉಪಾಸಿಸುವವರ ಯೋಗಕ್ಷೇಮವನ್ನು ನಾನು ಹೊರುತ್ತೇನೆ ಎಂಬುದು ಭಗವಂತನ ಮಾತು. ಈ ಸಾಲನ್ನು ಹಿಡಿದುಕೊಂಡು ‘ದೇವರಿದ್ದಾನೆ, ನಡೆಸುತ್ತಾನೆ’ ಎಂದು ಕೈಕಟ್ಟಿ ಕೂರುವವರೂ ಇದ್ದಾರೆ, ಬೆಳೆ ವಿಮೆಯ ಕಂತು ಕಟ್ಟುವುದು ನಂಬಿಕೆಯ ಕೊರತೆ ಎನ್ನುವವರೂ ಸಿಗುತ್ತಾರೆ. ಶಂಕರರು ಈ ಶ್ಲೋಕದಲ್ಲೇ ಒಂದು ಆಕ್ಷೇಪವನ್ನು ಎತ್ತಿ ಉತ್ತರಿಸಿದ್ದಾರೆ: ಉಳಿದ ಭಕ್ತರ ಯೋಗಕ್ಷೇಮವನ್ನೂ ಭಗವಂತನೇ ಹೊರುತ್ತಾನೆ, ಸಂಶಯವಿಲ್ಲ, ಆದರೆ ಅವರು ತಮಗಾಗಿ ತಾವೂ ಪ್ರಯತ್ನ ಮಾಡುತ್ತಾರೆ, ಅನನ್ಯರಾದವರು ತಮಗಾಗಿ ಏನನ್ನೂ ಬಯಸುವುದಿಲ್ಲ, ಬದುಕುವುದರಲ್ಲಾಗಲಿ ಸಾಯುವುದರಲ್ಲಾಗಲಿ ಅವರಿಗೆ ಆಸೆಯಿಲ್ಲ. ಅಂದರೆ ಪ್ರಯತ್ನವನ್ನು ಬಿಡುವ ಅಧಿಕಾರ ಬರುವುದು ಆಸೆಯನ್ನು ಬಿಟ್ಟ ಮೇಲೆ. ಆಸೆಯನ್ನು ಉಳಿಸಿಕೊಂಡು ಪ್ರಯತ್ನವನ್ನು ಮಾತ್ರ ಬಿಡುವವರಿಗೆ ಈ ಶ್ಲೋಕದಲ್ಲಿ ಜಾಗವಿಲ್ಲ. ಅಂಥವರಿಗೆ ಮೂರನೆಯ ಅಧ್ಯಾಯದಲ್ಲಿ, ಕೆಲಸ ಮಾಡದಿದ್ದರೆ ನಿನ್ನ ಶರೀರಯಾತ್ರೆಯೂ ಸಾಗದು ಎಂದು ನೇರವಾಗಿಯೇ ಹೇಳಿದೆ. ರಾಮಾನುಜಾಚಾರ್ಯರು ಇದೇ ಜಾಗದಲ್ಲಿ ಲೋಕದ ಗಳಿಕೆಯನ್ನು ಬದಿಗಿಟ್ಟು, ಭಗವಂತನನ್ನು ಪಡೆಯುವುದೇ ಯೋಗ, ಪಡೆದ ಮೇಲೆ ಮತ್ತೆ ಹಿಂದಿರುಗದಿರುವುದೇ ಕ್ಷೇಮ ಎಂದು ಅರ್ಥೈಸಿದ್ದಾರೆ. ಸಂಸಾರಿಗಳಿಗೆ ದಿನಬಳಕೆಗೆ ಒದಗುವುದು ಶಂಕರರು ಹೇಳಿದ ಉಳಿದ ಭಕ್ತರ ವರ್ಗ: ತಾನೂ ದುಡಿಯುತ್ತಾ, ತನ್ನ ದುಡಿಮೆಯೇ ಎಲ್ಲವನ್ನೂ ತಂದಿತೆಂಬ ಭ್ರಮೆಯನ್ನು ಬಿಡುವುದು. ಮಳೆ ಸರಿಯಾಗಿ ಬಂದ ವರ್ಷದಲ್ಲಿ ಅದನ್ನು ನೆನಪಿಟ್ಟುಕೊಳ್ಳುವುದು, ಮಳೆ ಕೈಕೊಟ್ಟ ವರ್ಷದಲ್ಲಿ ನೆನಪಿಟ್ಟುಕೊಳ್ಳುವುದಕ್ಕಿಂತ ಕಷ್ಟ.

ಈ ಪದಕ್ಕೆ ನಮ್ಮ ನೆಲದಲ್ಲೇ ಹುಟ್ಟಿದ ಒಂದು ವ್ಯಾಖ್ಯಾನವಿದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್ ಬಳಿಯ ಮರತೂರು ವಿಜ್ಞಾನೇಶ್ವರನ ಊರು. ಅವನು ಬರೆದ ಮಿತಾಕ್ಷರಾ ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ; ಬಂಗಾಳದ ಕಡೆಯನ್ನು ಬಿಟ್ಟರೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಗೆ ಶತಮಾನಗಳ ಕಾಲ ಭಾರತದ ಬಹುಭಾಗದಲ್ಲಿ ಅದೇ ಆಧಾರವಾಗಿತ್ತು. ಇಂದಿನ ಬಸವಕಲ್ಯಾಣವೇ ಆಗಿರುವ ಕಲ್ಯಾಣದಿಂದ 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದವನು ಅವನು. ಕಲ್ಯಾಣದಂತಹ ಪಟ್ಟಣ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರುವುದಿಲ್ಲ ಎಂದು ಗ್ರಂಥದ ಕೊನೆಯಲ್ಲಿ ಹಾಡಿಹೊಗಳಿದ್ದಾನೆ. ದಾಯವಿಭಾಗದ ಪ್ರಕರಣದಲ್ಲಿ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ಯಾವುದನ್ನು ಪಾಲು ಮಾಡಬಾರದು ಎಂದು ಹೇಳುತ್ತಾ ಅವನು ಮನುವಿನ ಒಂದು ಶ್ಲೋಕವನ್ನು ಎತ್ತಿಕೊಳ್ಳುತ್ತಾನೆ. ಉಟ್ಟ ಬಟ್ಟೆ, ವಾಹನ, ತೊಟ್ಟ ಒಡವೆ, ಬೇಯಿಸಿದ ಅನ್ನ, ನೀರು, ಯೋಗಕ್ಷೇಮ, ಓಡಾಡುವ ದಾರಿ ಇವು ಆ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ದಾಸಿಯರನ್ನೂ ಸೇರಿಸಿ, ಅವರ ಸಂಖ್ಯೆ ಸಮವಾಗಿ ಹಂಚಿಹೋಗದಿದ್ದರೆ ಸರದಿಯ ಮೇಲೆ ಕೆಲಸ ಮಾಡಿಸಿಕೊಳ್ಳಬೇಕೆಂದು ಹೇಳಿದೆ. ಮನುಷ್ಯರನ್ನು ಸೊತ್ತಿನೊಡನೆ ಎಣಿಸಿದ ಆ ಭಾಗವನ್ನು ಮರೆಮಾಚಿ ಉಳಿದದ್ದನ್ನು ಮಾತ್ರ ಹೊಗಳುವುದು ಪ್ರಾಮಾಣಿಕವಾದ ಓದಲ್ಲ. ಶಾಸ್ತ್ರವನ್ನು ಬದುಕಿಗೆ ತರುವವರು ಯಾವುದನ್ನು ತರಬಾರದು ಎಂಬುದನ್ನೂ ಗೊತ್ತುಮಾಡಿಕೊಂಡಿರಬೇಕಾಗುತ್ತದೆ.

ಗಳಿಕೆ ಮತ್ತು ಕಾವಲು ಪಾಲಿಗೆ ಬಾರದ ವಸ್ತುಗಳಾಗುವುದು ಹೇಗೆ? ವಿಜ್ಞಾನೇಶ್ವರನ ಉತ್ತರ ಕುತೂಹಲಕರವಾಗಿದೆ. ಇಲ್ಲದ್ದನ್ನು ತಂದುಕೊಡುವ ಯಜ್ಞಕರ್ಮ ಯೋಗ. ಇದ್ದದ್ದನ್ನು ಕಾಪಾಡುವ ದಾನ, ಕೆರೆ, ತೋಟ ಮುಂತಾದ ಪೂರ್ತಕರ್ಮ ಕ್ಷೇಮ. ಇವು ತಂದೆಯ ಹಣದ ಖರ್ಚಿನಿಂದ ಆಗಿದ್ದರೂ ಪಾಲಿಗೆ ಬರುವುದಿಲ್ಲ ಎನ್ನುತ್ತಾನೆ. ಸಮರ್ಥನೆಗೆ ಸ್ಮೃತಿಕಾರ ಲೌಗಾಕ್ಷಿಯ ವಚನವನ್ನು ಕೊಡುತ್ತಾನೆ. ಸಂಪತ್ತನ್ನು ಕಾಯುವ ಉಪಾಯವೆಂದರೆ ಬೀಗ ಹಾಕಿದ ಪೆಟ್ಟಿಗೆ ಎಂದು ನಾವು ತಿಳಿದಿದ್ದರೆ, ಮರತೂರಿನ ಪಂಡಿತ ಊರವರಿಗಾಗಿ ತೋಡಿಸಿದ ಕೆರೆಯನ್ನು ತೋರಿಸುತ್ತಾನೆ. ಪರಂಪರೆ ಬೇರೆಯಾದರೂ, ಕಲಬುರಗಿಯ ಶರಣಬಸವೇಶ್ವರರು ಒಕ್ಕಲುತನ ಮಾಡುತ್ತಲೇ ನಡೆಸಿಕೊಂಡು ಬಂದ ದಾಸೋಹವನ್ನು ಕೇಳಿ ಬೆಳೆದವರಿಗೆ ಈ ವಿಚಾರ ಅಪರಿಚಿತವಲ್ಲ.

ನೀರಿನ ಬಗ್ಗೆ ಅವನ ಮಾತು ಇನ್ನೂ ಕರಾರುವಾಕ್ಕಾಗಿದೆ. ಬಾವಿಯಂತಹ ನೀರಿನ ಆಸರೆಯನ್ನು ಬೆಲೆ ಕಟ್ಟಿ ಹಣವಾಗಿ ಹಂಚಬಾರದು, ಸರದಿಯ ಮೇಲೆ ಬಳಸಬೇಕು. ಇದು ನಮ್ಮ ಕಡೆಯ ಪಾಳಿಯೇ. ಹೊಲ ನಾಲ್ಕು ಹಿಸ್ಸೆಯಾದರೂ ಬಾವಿ ಒಂದೇ ಇರುತ್ತದೆ. ಸೋಮವಾರ ದೊಡ್ಡವನದು, ಮಂಗಳವಾರ ನಡುವಿನವನದು ಎಂದು ಪಾಳಿ ಗೊತ್ತಾಗುತ್ತದೆ, ತ್ರೀಫೇಸ್ ಕರೆಂಟು ರಾತ್ರಿಗೆ ಹೋದರೆ ಪಾಳಿಯ ಜಗಳವೂ ರಾತ್ರಿಗೆ ಹೋಗುತ್ತದೆ. ದಾರಿಯ ವಿಷಯವೂ ಹೀಗೆಯೇ. ರಸ್ತೆಗೆ ಹತ್ತಿದ ಹಿಸ್ಸೆ ಪಡೆದವನು ಬಂಡಿದಾರಿಯನ್ನು ಉತ್ತು ತನ್ನ ಸಾಲಿಗೆ ಸೇರಿಸಿಕೊಂಡರೆ, ಹಿಂದಿನ ಹಿಸ್ಸೆಯವನು ರಾಶಿಯ ಕಾಲದಲ್ಲಿ ಟ್ರ್ಯಾಕ್ಟರ್ ತರಲಾರದೆ ತಹಶೀಲ್ದಾರರ ಕಚೇರಿಗೆ ಅಲೆಯಬೇಕಾಗುತ್ತದೆ. ದಾರಿ ಪಾಲಿಗೆ ಬಾರದು ಎಂಬ ಮಾತು ಮಿತಾಕ್ಷರಾ ಎತ್ತಿಕೊಂಡ ಶ್ಲೋಕದಲ್ಲಿ ಒಂದೇ ಪದದಲ್ಲಿ ಮುಗಿದಿದೆ, ನಮ್ಮಲ್ಲಿ ಅದರ ಮೇಲೆ ತಲೆಮಾರುಗಟ್ಟಲೆ ವ್ಯಾಜ್ಯ ನಡೆಯುತ್ತದೆ.

ಯೋಗಕ್ಷೇಮಕ್ಕೆ ಬೇರೆಯವರು ಹೇಳಿದ ಅರ್ಥಗಳನ್ನೂ ವಿಜ್ಞಾನೇಶ್ವರ ಬಿಡದೆ ದಾಖಲಿಸಿದ್ದಾನೆ. ಯೋಗಕ್ಷೇಮವನ್ನು ನೋಡಿಕೊಳ್ಳುವ ಮಂತ್ರಿ, ಪುರೋಹಿತರೇ ಆ ಪದದ ಅರ್ಥವೆಂದು ಕೆಲವರು, ಛತ್ರ, ಚಾಮರ, ಆಯುಧ, ಪಾದರಕ್ಷೆಗಳೆಂದು ಇನ್ನು ಕೆಲವರು ಹೇಳುತ್ತಿದ್ದರಂತೆ. ಅರಮನೆಗೆ ಹೊಂದುವ ಈ ಅರ್ಥಗಳು ಒಕ್ಕಲು ಮನೆತನಕ್ಕೆ ಹೆಚ್ಚಿನ ಉಪಯೋಗಕ್ಕೆ ಬಾರವು. ಮುತ್ತಜ್ಜ ಹಾಕಿಸಿದ ದನದ ನೀರಿನ ತೊಟ್ಟಿ, ಗುಡಿಯ ಮುಂದಿನ ಬೇವಿನ ಮರದ ಕಟ್ಟೆ, ಬೇಸಿಗೆಯಲ್ಲಿ ಇಡುವ ಅರವಟಿಗೆಯ ಜಾಗ ಇಂಥವುಗಳನ್ನು ಪಾಲುಪತ್ರ ಬರೆಸುವ ದಿನ ಯಾರ ಹಿಸ್ಸೆಗೂ ಹಾಕದೆ, ಚಕ್ಕುಬಂದಿ ಸಮೇತ ಬೇರೆಯಾಗಿ ಬರೆಸಿ, ಸಹಿ ಮಾಡುವ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಓದಿ ಹೇಳಿಸುವುದು ಪೂರ್ತದ ಅರ್ಥಕ್ಕೆ ಹೊಂದುತ್ತದೆ.