ವರ್ಕ್ ಸ್ಟಡಿ: ಬಡ ಮಕ್ಕಳ ದುಡ್ಡು ಹಳೇ ಕಾಲೇಜಿಗೆ ಹೋಗೋದು ಯಾಕೆ?

ಅಮೆರಿಕದಲ್ಲಿ ಕಾಲೇಜು ಸೇರೋ ಬಡ ಮಕ್ಕಳಿಗೆ ಬರೋ ಏಡ್ ಲೆಟರ್‌ನಲ್ಲಿ, ಅಂದ್ರೆ ಎಷ್ಟು ಹಣಕಾಸಿನ ನೆರವು ಸಿಗುತ್ತೆ ಅಂತ ಕಾಲೇಜು ಕಳಿಸೋ ಪತ್ರದಲ್ಲಿ, ಗ್ರಾಂಟು, ಸಾಲದ ಜೊತೆಗೆ ವರ್ಕ್ ಸ್ಟಡಿ ಅಂತ ಒಂದು ಮೊತ್ತನೂ ಇರಬಹುದು. ಎಷ್ಟೋ ಜನ ಅದು ಫೀಸಲ್ಲಿ ಮೈನಸ್ ಆಗುತ್ತೆ ಅಂದ್ಕೋತಾರೆ, ಹಾಗೇನಿಲ್ಲ. ಲೈಬ್ರರಿಲೋ ಲ್ಯಾಬಲ್ಲೋ ಕೆಲಸ ಹಿಡಿದು ದುಡಿದ್ರೆ ಮಾತ್ರ ಗಂಟೆ ಲೆಕ್ಕದಲ್ಲಿ ಸಂಬಳ, ಕೆಲಸ ಸಿಗ್ಲಿಲ್ವಾ, ಒಂದು ಡಾಲರೂ ಇಲ್ಲ.

ಇದರ ಬೇರು ಇರೋದು 1935ರಲ್ಲಿ. ಆರ್ಥಿಕ ಕುಸಿತದಲ್ಲಿ ಮನೆಗಳೇ ಮುರಿದು ಬಿದ್ದಿದ್ದ ಕಾಲ, ರೂಸ್‌ವೆಲ್ಟ್ ಸರ್ಕಾರ ನ್ಯಾಷನಲ್ ಯೂತ್ ಅಡ್ಮಿನಿಸ್ಟ್ರೇಷನ್ ಶುರು ಮಾಡಿ ಓದೋ ಹುಡುಗ್ರಿಗೆ ಪಾರ್ಟ್ ಟೈಮ್ ಕೆಲಸ ಕೊಡ್ತು. ಟೆಕ್ಸಾಸ್‌ನಲ್ಲಿ ಅದನ್ನ ನಡೆಸೋಕೆ ಬಂದವರು 26 ವರ್ಷದ ಲಿಂಡನ್ ಜಾನ್ಸನ್, ಸ್ಯಾನ್ ಮಾರ್ಕೋಸ್‌ನ ಟೀಚರ್ಸ್ ಕಾಲೇಜಲ್ಲಿ ಕಸ ಗುಡಿಸಿ, ಮಧ್ಯೆ ಓದು ನಿಲ್ಲಿಸಿ ಕೊಟುಲಾ ಅನ್ನೋ ಊರಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೆ ಪಾಠ ಹೇಳಿ, ಹೇಗೋ ದುಡ್ಡು ಹೊಂದಿಸ್ಕೊಂಡು ಡಿಗ್ರಿ ಮುಗಿಸಿದ್ದ ಮನುಷ್ಯ. 1943ರಲ್ಲಿ, ಯುದ್ಧದ ಗದ್ದಲದಲ್ಲಿ ಆ ಸ್ಕೀಮ್ ಮುಚ್ಚೋಯ್ತು.

ಆಮೇಲೆ ಅದೇ ಜಾನ್ಸನ್ ಅಧ್ಯಕ್ಷರಾದ್ರು. 1964ರ ಆಗಸ್ಟ್‌ನಲ್ಲಿ ಬಡತನದ ವಿರುದ್ಧ ಯುದ್ಧ ಅಂತ ಸಹಿ ಹಾಕಿದ ಎಕನಾಮಿಕ್ ಆಪರ್ಚುನಿಟಿ ಕಾಯ್ದೆಯಲ್ಲೇ ವರ್ಕ್ ಸ್ಟಡಿ ಹುಟ್ಟಿದ್ದು. ಸಂಬಳದಲ್ಲಿ 90 ಪರ್ಸೆಂಟ್ ಕೇಂದ್ರದ್ದು, ಉಳಿದದ್ದು ಕಾಲೇಜಿಂದು. ಈಗ ಕೇಂದ್ರದ ಪಾಲು ಸಾಮಾನ್ಯವಾಗಿ 75ರವರೆಗೆ. ಮುಂದಿನ ವರ್ಷ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕೋಕೆ ಜಾನ್ಸನ್ ತಾವು ಓದಿದ ಸ್ಯಾನ್ ಮಾರ್ಕೋಸ್ ಕಾಲೇಜಿಗೇ ಹೋದ್ರು.

ನಮ್ಮ ಕಡೆಯಿಂದ ಎಂಎಸ್‌ಗೆ ಹೋದವರು ಕ್ಯಾಂಪಸ್ ಕೆಫೆಯಲ್ಲಿ ವಾರಕ್ಕೆ 20 ಗಂಟೆ ಮಾಡ್ತಾರಲ್ಲ, ಅದು ವರ್ಕ್ ಸ್ಟಡಿ ಅಲ್ಲ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದವರಿಗೆ ಕೇಂದ್ರ ಸರ್ಕಾರದ ಈ ದುಡ್ಡು ಸಿಗಲ್ಲ, ಅವರಿಗೆ ಕಾಲೇಜೇ ಸಂಬಳ ಕೊಡ್ಬೇಕು.

ನಿಜವಾದ ಎಡವಟ್ಟು ಇರೋದು ಹಂಚಿಕೆಯಲ್ಲಿ. ದುಡ್ಡು ನೇರ ವಿದ್ಯಾರ್ಥಿಗೆ ಬರಲ್ಲ, ಕಾಲೇಜಿಗೆ ಬರುತ್ತೆ, ಅದೂ ಹೇಗೆ ಅಂದ್ರೆ ಈ ಸ್ಕೀಮ್‌ನಲ್ಲಿ ಮೊದಲಿಂದ ಇದ್ದ ಕಾಲೇಜುಗಳಿಗೆ 1999ರಲ್ಲಿ ಎಷ್ಟು ಸಿಕ್ಕಿತ್ತೋ ಅದೇ ಬೇಸ್, ಬಡ ಮಕ್ಕಳು ಎಷ್ಟಿದ್ದಾರೆ ಅನ್ನೋ ಲೆಕ್ಕ ಬರೋದು ಆಮೇಲೆ. ಹಾಗಾಗಿ ಈಸ್ಟ್ ಕೋಸ್ಟ್‌ನ ಹಳೇ, ದುಬಾರಿ ಪ್ರೈವೇಟ್ ಕಾಲೇಜುಗಳಿಗೆ ದೊಡ್ಡ ಪಾಲು, ಬಡವರು ತುಂಬಿರೋ ಕಮ್ಯುನಿಟಿ ಕಾಲೇಜುಗಳಿಗೆ (ಕಮ್ಮಿ ಫೀಸಿನ, ಹೆಚ್ಚಾಗಿ ಎರಡು ವರ್ಷದ ಕೋರ್ಸಿನ ಸರ್ಕಾರಿ ಕಾಲೇಜುಗಳು) ಚೂರುಪಾರು. ಫಾರ್ಮುಲಾ ಬದಲಾಯಿಸಿದ್ರೆ ಯಾರದ್ದೋ ಪಾಲು ಕಮ್ಮಿ ಆಗ್ಲೇಬೇಕು, ಆ ಕಾಲೇಜುಗಳ ಕ್ಷೇತ್ರದ ಸಂಸದರು ಸುಮ್ನೆ ಒಪ್ತಾರಾ?