ಹೊರದೇಶದ ಸುವಾರ್ತಾಸೇವೆಗೆ ಮಾಧ್ಯಮದ ಕೈಕೆಲಸ: ಪುಣೆಯ ಅಧ್ಯಯನ ಕೂಟದ ಟಿಪ್ಪಣಿ

ಕಳೆದ ಮೂರು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಕುಳಿತು ಓದಿದ್ದನ್ನು, ಬರಲಾಗದವರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಸಭೆಯ ಈ ಕೂಟದಲ್ಲಿ ಆರು ಜನ. ಒಬ್ಬರು ಮದುವೆಯ ಫೋಟೋ ತೆಗೆಯುತ್ತಾರೆ. ಇಬ್ಬರು ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುತ್ತಾರೆ. ಒಬ್ಬಾಕೆಯದು ಆನಿಮೇಷನ್, ಒಬ್ಬನದು ಕೀಬೋರ್ಡ್. ನಾನು ಡಬ್ಬಿಂಗ್ ಸ್ಟುಡಿಯೋದಲ್ಲಿ ಧ್ವನಿ ಸಂಕಲನ ಮಾಡುವವನು. ಎಲ್ಲರನ್ನೂ ಕಾಡುತ್ತಿದ್ದ ಪ್ರಶ್ನೆ ಒಂದೇ: ಉಪದೇಶ ಮಾಡಲು ಬಾರದ, ವೈದ್ಯರೂ ಶಿಕ್ಷಕರೂ ಅಲ್ಲದ ನಾವು ಹೊರದೇಶದ ಸೇವೆಗೆ ಹೋಗಿ ಏನು ಮಾಡಬಲ್ಲೆವು?

ಮಾಡಬಲ್ಲದ್ದು ಬಹಳ ಇದೆ. ಆದರೆ ಓದುತ್ತಾ ಹೋದಂತೆ ನನಗೆ ಮನದಟ್ಟಾದದ್ದು ಬೇರೆ. ಕ್ಯಾಮೆರಾ ಹಿಡಿದು ಹೋಗುವವನು ಮೊದಲು ಕೇಳಲು ಕಲಿಯಬೇಕು, ಕೊನೆಗೆ ಕ್ಯಾಮೆರಾವನ್ನು ಅಲ್ಲಿಯವರಿಗೆ ಬಿಟ್ಟು ಬರಬೇಕು. ನಡುವಿನ ತಂತ್ರವೆಲ್ಲ ಕಲಿತರೆ ಬರುತ್ತದೆ.

ರಾಚೋಲಿನ ಅಚ್ಚುಮನೆ

ಪಾಠವನ್ನು ನಾವು ಗೋವೆಯಿಂದಲೇ ಆರಂಭಿಸಿದೆವು. ಹೊರದೇಶದಿಂದ ಬಂದ ಮಿಷನರಿ ಮಾಧ್ಯಮವನ್ನು ಬಳಸಿದ ಕಥೆ ನಮ್ಮ ಪಕ್ಕದಲ್ಲೇ ಇರುವಾಗ ದೂರ ಹೋಗುವುದೇಕೆ? ಭಾರತಕ್ಕೆ ಮೊದಲ ಮುದ್ರಣಯಂತ್ರ ಬಂದದ್ದು 1556ರಲ್ಲಿ. ಅದು ಇಥಿಯೋಪಿಯಕ್ಕೆ ಹೊರಟಿದ್ದ ಮಿಷನರಿಗಳ ಸಾಮಾನು. ದಾರಿಯಲ್ಲಿ ಗೋವೆಯಲ್ಲೇ ಉಳಿದುಕೊಂಡಿತು, ಹಳೆಯ ಗೋವೆಯ ಸಂತ ಪೌಲರ ಕಾಲೇಜಿನಲ್ಲಿ ಕೆಲಸ ಶುರುಮಾಡಿತು. ಅಂದರೆ ಯಂತ್ರ ಬಂದಿತು, ಆದರೆ ಊರಿನ ಜನರ ಭಾಷೆ ಇನ್ನೂ ಅದರೊಳಗೆ ಬಂದಿರಲಿಲ್ಲ.

1579ರಲ್ಲಿ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಎಂಬ ಯೇಸುಸಭೆಯ (ಜೆಸುಯಿಟ್) ಪಾದ್ರಿ ಗೋವೆಗೆ ಬಂದರು. ದಕ್ಷಿಣ ಗೋವೆಯ ಸಾಷ್ಟಿ ಸೀಮೆಯ ಹಳ್ಳಿಗಳಲ್ಲಿ ಹತ್ತಿರ ಹತ್ತಿರ 40 ವರ್ಷ ಕಳೆದರು, 1619ರಲ್ಲಿ ಇಲ್ಲಿಯೇ ತೀರಿಕೊಂಡರು. ಅಲ್ಲಿಯ ಜನ ಸಂಜೆ ಒಟ್ಟಾಗಿ ಕುಳಿತು ಪುರಾಣ ಕೇಳಿ ಬೆಳೆದವರು. ಕ್ರೈಸ್ತರಾದ ಮೇಲೆ ಹಳೆಯ ಪುರಾಣ ಕೈಬಿಟ್ಟುಹೋಯಿತು, ಅದರ ಜಾಗದಲ್ಲಿ ಪ್ರಶ್ನೋತ್ತರದ ಬೋಧನೆಯೊಂದೇ ಉಳಿಯಿತು. ಸ್ಟೀಫನ್ಸ್ ಆ ಖಾಲಿ ಜಾಗವನ್ನು ಕಂಡರು. ಕೊಂಕಣಿಯ ಮಾತುಗಳು ಬೆರೆತ ಮರಾಠಿಯಲ್ಲಿ, ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳ ‘ಕ್ರಿಸ್ತಪುರಾಣ’ ಬರೆದರು. ಅದು 1616ರಲ್ಲಿ ಸಾಷ್ಟಿಯ ರಾಚೋಲ್ ಎಂಬ ಊರಿನಲ್ಲಿ ಅಚ್ಚಾಯಿತು. ಓವಿ ಎಂದರೆ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಧಾಟಿ, ಜ್ಞಾನೇಶ್ವರರು ಗೀತೆಯ ಅರ್ಥ ಹೇಳಿದ ಧಾಟಿ. ಪರದೇಶಿಯೊಬ್ಬ ಆ ಧಾಟಿಯಲ್ಲಿ ಬರೆಯುವ ಮೊದಲು ಅದನ್ನು ಎಷ್ಟು ವರ್ಷ ಕಿವಿಗೊಟ್ಟು ಕೇಳಿರಬೇಕು ಎಂದು ಯೋಚಿಸಿ ನೋಡಿ. ನನಗೆ ಇಡೀ ಪಾಠದಲ್ಲಿ ಅತ್ಯಂತ ಪ್ರಿಯವಾದ ಸಂಗತಿ ಇದು.

ತಂತ್ರದ ಕಡೆಯಿಂದಲೂ ಈ ಕಥೆಯನ್ನು ಗಮನಿಸಬೇಕು. ನೆಲದ ಲಿಪಿಯಲ್ಲೇ ಪುಸ್ತಕ ತರಬೇಕೆಂಬುದು ಸ್ಟೀಫನ್ಸರ ಬಹುಕಾಲದ ಆಸೆ. 1608ರಲ್ಲಿ ರೋಮಿನಲ್ಲಿದ್ದ ತಮ್ಮ ಸಭೆಯ ಮುಖ್ಯಸ್ಥರಿಗೆ ಬರೆದ ಪತ್ರದಲ್ಲಿ ಅದಕ್ಕಿರುವ ಅಡ್ಡಿಯನ್ನು ತಿಳಿಸಿದ್ದರು: ಯೂರೋಪಿನ ಲಿಪಿಗೆ 24 ಅಚ್ಚುಗಳು ಸಾಕು, ಇಲ್ಲಿಯ ಲಿಪಿಗೆ 600ರಷ್ಟು ಬೇಕು. ಕೊನೆಗೆ ಪುಸ್ತಕ ರೋಮನ್ ಲಿಪಿಯಲ್ಲೇ ಹೊರಬಂದಿತು. ಗುಣಿತ ಮತ್ತು ಒತ್ತಕ್ಷರಗಳ ಈ ಕಷ್ಟ ನಮ್ಮ ಪುಟವಿನ್ಯಾಸದ ಗೆಳೆಯರಿಗೆ ಹೊಸದಲ್ಲ. ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಹೋಗುವಾಗ ಕನ್ನಡದ ಒತ್ತು ಒಡೆದು ಪಕ್ಕಕ್ಕೆ ಬಿದ್ದಿರುವುದನ್ನು ಅವರು ಈಗಲೂ ಕೂತು ಸರಿಪಡಿಸುತ್ತಾರೆ. ಸಣ್ಣ ಭಾಷೆಯೊಂದಕ್ಕೆ ಅಕ್ಷರವಿನ್ಯಾಸ ಅಥವಾ ಕೀಲಿಮಣೆ ಸಿದ್ಧಪಡಿಸುವುದೂ ಸೇವೆಯೇ. ‘ನನ್ನ ಕೆಲಸ ಪರದೆಯ ಹಿಂದಿನದು’ ಎಂದು ಹಿಂಜರಿಯುವವರು ಇದನ್ನು ನೆನಪಿಡಬೇಕು.

ಇದೇ ಗೋವೆಯ ಇನ್ನೊಂದು ಮುಖವನ್ನೂ ಮುಚ್ಚಿಡಲಾಗದು. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಹೊರಡಿಸಿದ ಆಜ್ಞೆಯ ಪ್ರಕಾರ ಜನರು 3 ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕಿತ್ತು. ಮತದ್ರೋಹದ ಆರೋಪ ಹೊತ್ತವರನ್ನು ಶಿಕ್ಷಿಸಲು 1560ರಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯ (ಇನ್‌ಕ್ವಿಸಿಷನ್), ನಡುವೆ ಕೆಲವು ವರ್ಷ ನಿಂತಿದ್ದರೂ, 1812ರ ತನಕ ನಡೆಯಿತು. ನಾವು ಹೊರದೇಶಕ್ಕೆ ಹೋದಾಗ ಅಲ್ಲಿಯವರ ನೆನಪಿನಲ್ಲಿ ಇಂಥದ್ದೇನಿದೆ ಎಂದು ತಿಳಿದುಕೊಂಡೇ ಬಾಯಿ ತೆರೆಯಬೇಕು.

ಕನ್ನಡದ ಉದಾಹರಣೆ ಬಹುತೇಕರಿಗೆ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದರು. ಅದರಲ್ಲಿ ಊರ ಸುದ್ದಿ, ಸರ್ಕಾರದ ಕಾನೂನು, ನೀತಿಕಥೆ ಎಲ್ಲವೂ ಇತ್ತು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಮುಂಚೆ 1875ರಲ್ಲಿ ಅವರು ನಾಗವರ್ಮನ ಛಂದಸ್ಸಿನ ಗ್ರಂಥ ‘ಛಂದೋಂಬುಧಿ’ಯನ್ನು ಸಂಪಾದಿಸಿದ್ದರು. ಜರ್ಮನಿಯಿಂದ ಬಂದ ಪಾದ್ರಿಗೆ ಕಂದಪದ್ಯದ ಮಾತ್ರೆ ಎಣಿಸುವ ಅಗತ್ಯವೇನಿತ್ತು ಎಂದು ಯಾರಾದರೂ ಕೇಳಿದರೆ, ಸ್ಟೀಫನ್ಸರ ಓವಿಯನ್ನು ತೋರಿಸಿ.

ದನಿ

ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಜಾಯ್ ರಿಡರ್‌ಹಾಫ್ ಎಂಬ ಅಮೆರಿಕದ ಮಹಿಳೆ ಹೊಂಡುರಾಸಿನಲ್ಲಿ ಮಿಷನರಿಯಾಗಿದ್ದರು. ಮಲೇರಿಯಾದಿಂದ ದೇಹ ಸೋತು ಲಾಸ್ ಏಂಜಲೀಸಿಗೆ ಮರಳಬೇಕಾಯಿತು. ತಾನು ಹೋಗಲಾಗದಿದ್ದರೆ ದನಿಯಾದರೂ ಹೋಗಲಿ ಎಂದು ಸ್ಪ್ಯಾನಿಷ್ ಭಾಷೆಯಲ್ಲಿ ಸುವಾರ್ತೆಯ ಗ್ರಾಮಫೋನ್ ತಟ್ಟೆ ಮಾಡಿಸಿದರು. 1939ರಲ್ಲಿ ಆರಂಭವಾದ ಆ ಕೆಲಸ ಮುಂದೆ ಬರವಣಿಗೆಯೇ ಇಲ್ಲದ ನೂರಾರು ಭಾಷೆಗಳಿಗೆ ಹಬ್ಬಿತು. ವಿದ್ಯುತ್ ಇಲ್ಲದ ಹಳ್ಳಿಗಳಿಗಾಗಿ ಅವರ ಸಂಸ್ಥೆ ರಟ್ಟನ್ನು ಮಡಚಿ ಮಾಡಿದ, ಕೈಯಿಂದಲೇ ತಿರುಗಿಸಿ ಕೇಳುವ ತಟ್ಟೆಯಂತ್ರವನ್ನು ಹಂಚಿತು. ಇಂದು ಅದರ ಜಾಗದಲ್ಲಿ ಮೆಮೊರಿ ಕಾರ್ಡ್ ಇದೆ. ಇಂಟರ್ನೆಟ್ ಇಲ್ಲದ ಕಡೆ ಬ್ಲೂಟೂತಿನಲ್ಲಿ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಕಥೆ ಸಾಗುತ್ತದೆ. ಆದ್ದರಿಂದ ಕಡತ ಚಿಕ್ಕದಾಗಿರಬೇಕು, ಅಗ್ಗದ ಮೊಬೈಲಿನ ಸಣ್ಣ ಸ್ಪೀಕರಿನಲ್ಲೂ ಮಾತು ಬಿಡಿಬಿಡಿಯಾಗಿ ಕೇಳಬೇಕು. ಹಿನ್ನೆಲೆ ಸಂಗೀತ ತುಂಬುವ ಆಸೆಯನ್ನು ಅಲ್ಲಿ ಬಿಟ್ಟುಬಿಡಿ.

ಚಲನಚಿತ್ರದ ವಿಷಯಕ್ಕೆ ಬಂದರೆ, ಲೂಕನ ಸುವಾರ್ತೆಯನ್ನು ಆಧರಿಸಿದ 1979ರ ‘ಜೀಸಸ್’ ಚಿತ್ರ 2,000ಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಇಂಥ ಡಬ್ಬಿಂಗ್ ಸಾಧ್ಯವಾಗುವುದು ಸಂಗೀತ ಮತ್ತು ಸದ್ದುಗಳ ಟ್ರ್ಯಾಕನ್ನು ಮಾತಿನ ಟ್ರ್ಯಾಕಿನಿಂದ ಬೇರೆಯಾಗಿ ಇಟ್ಟುಕೊಂಡಿರುವುದರಿಂದ. ಮಾತು ಮಾತ್ರ ಬದಲಾಗುತ್ತದೆ, ಗಾಳಿ, ಹೆಜ್ಜೆ, ಜನರ ಗದ್ದಲ ಇದ್ದ ಹಾಗೆಯೇ ಇರುತ್ತದೆ. ಕಷ್ಟ ಇರುವುದು ತುಟಿಯಲ್ಲಿ. ನಾನೇ ಕೆಲಸ ಮಾಡಿದ ಒಂದು ಸತ್ಯವೇದ ಕಥಾಚಿತ್ರದಲ್ಲಿ ‘ಅಂಜಬೇಡ’ ಎಂಬ ಒಂದು ಪದ ಮುಗಿದ ಮೇಲೂ ನಟನ ತುಟಿ ಇನ್ನೆರಡು ಸಲ ಅಲ್ಲಾಡುತ್ತಿತ್ತು. ‘ಅಂಜಬೇಡ, ಮಗಳೇ’ ಎಂದರೆ ಸರಿಯಾಗಿ ಕೂರುತ್ತಿತ್ತು. ಆದರೆ ಆ ವಾಕ್ಯದಲ್ಲಿ ‘ಮಗಳೇ’ ಇಲ್ಲ! ಅನುವಾದ ಪರಿಶೀಲಿಸುವ ಹಿರಿಯರು ಒಪ್ಪಲಿಲ್ಲ. ಒಂದೇ ಪದವನ್ನು ಎಳೆದು, ನಿಲ್ಲಿಸಿ, 14 ಸಲ ಹೇಳಿಸಿದೆವು. ಕೊನೆಗೆ ಆ ನಿಧಾನವೇ ದೃಶ್ಯಕ್ಕೆ ಸಮಾಧಾನದ ದನಿ ಕೊಟ್ಟಿತು. ಧ್ವನಿ ಸಂಕಲನಕಾರ ಅನುವಾದಕರ ಮಾತಿಗೆ ತಲೆಬಾಗಲೇಬೇಕು ಎಂಬುದನ್ನು ನಾನು ಕಲಿತದ್ದು ಆ ದಿನ.

ನೋಡುವವರ ಮನಸ್ಸಿನಲ್ಲಿ ಚಿತ್ರ ಏನಾಗುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. 1911ರ ಈಸ್ಟರ್ ಸಮಯದಲ್ಲಿ ಮುಂಬಯಿಯ ಗಿರಗಾಂವದ ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರ ನೋಡಿದ ದಾದಾಸಾಹೇಬ್ ಫಾಲ್ಕೆಯವರಿಗೆ ಪರದೆಯ ಮೇಲೆ ರಾಮ, ಕೃಷ್ಣರು ಕಂಡರು. 1913ರಲ್ಲಿ ಅವರು ‘ರಾಜಾ ಹರಿಶ್ಚಂದ್ರ’ ತಂದರು. ಇದನ್ನು ಸೋಲೆಂದು ನಾನು ಓದುವುದಿಲ್ಲ. ನೋಡುವವರು ಖಾಲಿ ಪಾತ್ರೆಗಳಲ್ಲ, ತಮ್ಮದೇ ಕಥೆಗಳಿಂದ ತುಂಬಿದ ಜನ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ವಾಕಡಿನ ಕುರುಬ

ಹೊರದೇಶಕ್ಕೆ ಹೋಗುವ ಮೊದಲು ಕೇಳುವ ಅಭ್ಯಾಸ ಬೇಕಲ್ಲ, ಅದಕ್ಕಾಗಿ ಎರಡನೆಯ ಭಾನುವಾರ ಪುಣೆಯ ವಾಕಡಿನಲ್ಲಿ ಕಟ್ಟಡ ಕೆಲಸ ಮಾಡುವ ವಿಜಯಪುರ ಕಡೆಯ ಕನ್ನಡಿಗರ ಬಿಡಾರಕ್ಕೆ ಹೋದೆವು. ಬಂದ ಕಾರಣವನ್ನು ಮೊದಲೇ ಬಿಚ್ಚಿ ಹೇಳಿದೆವು. ತಗಡಿನ ಶೆಡ್ಡಿನೊಳಗೆ ದನಿ ಗಂಯ್ ಎನ್ನುತ್ತಿತ್ತು. ಅವರ ಕಂಬಳಿಗಳನ್ನೇ ಮೂರು ಕಡೆ ಇಳಿಬಿಟ್ಟ ಮೇಲೆ ಧ್ವನಿಮುದ್ರಣಕ್ಕೆ ಸರಿಹೋಯಿತು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಕಳೆದುಹೋದ ಕುರಿಯ ಸಾಮ್ಯವನ್ನು, ಅಂದರೆ ನೂರು ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಹುಡುಕಿ ಹೋದವನ ಹೋಲಿಕೆಯ ಕಥೆಯನ್ನು, ನಾನು ಹೇಳಿದೆ. ಊರಿನಲ್ಲಿ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಕೇಳಿದರು:

“ತಮ್ಮಾ, ಉಳಿದ ತೊಂಬತ್ತೊಂಬತ್ತನ್ನು ಯಾರ ಕೈಗೆ ಒಪ್ಪಿಸಿ ಹೋದ?”

“ಕಥೆಯಲ್ಲಿ ಅದು ಇಲ್ಲ, ಕಾಕಾ.”

“ಹೇಳಬೇಕಾಗಿಲ್ಲ ಎಂದು ಬಿಟ್ಟಿರಬೇಕು. ನೂರು ಕುರಿಯನ್ನು ಒಬ್ಬನೇ ಕಾಯುವುದಿಲ್ಲ. ಜೊತೆಗಾರ ಇದ್ದೇ ಇರುತ್ತಾನೆ.”

ಆಮೇಲೆ ನಮ್ಮ ಆನಿಮೇಷನ್ ಗೆಳತಿ ಬರೆದಿದ್ದ ಚಿತ್ರ ನೋಡಿದರು. ಅದರಲ್ಲಿ ಕುರುಬ ಕುರಿಯನ್ನು ಮಗುವಿನ ಹಾಗೆ ಎರಡು ತೋಳುಗಳಲ್ಲಿ ಎತ್ತಿಕೊಂಡಿದ್ದ. ಹಿರಿಯರು ಮಾತಾಡದೆ ಎದ್ದರು, ಒಂದು ಕಂಬಳಿಯನ್ನು ಸುರುಳಿ ಸುತ್ತಿ ಕತ್ತಿನ ಹಿಂದೆ ಹಾಕಿಕೊಂಡರು, ಎರಡೂ ತುದಿಗಳನ್ನು ಎದೆಯ ಮೇಲೆ ಎಳೆದು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದರು. ಮುಂಗಾಲು, ಹಿಂಗಾಲು ನಾಲ್ಕೂ ಒಂದು ಮುಷ್ಟಿಯಲ್ಲಿ. ಇನ್ನೊಂದು ಕೈ ಕೋಲಿಗೆ ಬೇಕು. ಸುವಾರ್ತೆಯಲ್ಲಿ ಇರುವುದೂ ‘ಹೆಗಲಿನ ಮೇಲೆ’ ಎಂದೇ. ನಾವು ಆರೂ ಜನ ಅದನ್ನು ಎಷ್ಟೋ ಸಲ ಓದಿದ್ದೆವು, ಕಂಡಿರಲಿಲ್ಲ. ಚಿತ್ರವನ್ನು ಗೆಳತಿ ಅಲ್ಲಿಯೇ ಅಳಿಸಿ ಹೊಸದಾಗಿ ಬರೆದಳು.

ಇದನ್ನೇ ಬೇರೆ ದೇಶದಲ್ಲಿ ಮಾಡಿ ನೋಡಿದರೆ ಎಷ್ಟು ಕಡೆ ನಮ್ಮ ಚಿತ್ರ ತಪ್ಪಿರುತ್ತದೆ! ಕುರಿಯೇ ಇಲ್ಲದ ದ್ವೀಪಗಳಿವೆ. ಬಾಗಿಲೇ ಇಲ್ಲದ ಮನೆಗಳಿರುವ ಊರಿನಲ್ಲಿ ‘ಬಾಗಿಲು ತಟ್ಟು’ ಎಂದರೆ ಏನು ಬರೆಯುತ್ತೀರಿ? ಕಥೆ ಹೇಳಿ, ಸುಮ್ಮನೆ ಕುಳಿತು, ಕೇಳಿದವರಿಂದಲೇ ಮರಳಿ ಹೇಳಿಸಬೇಕು. ಅವರು ಬಿಟ್ಟದ್ದು, ಸೇರಿಸಿದ್ದು, ನಕ್ಕದ್ದು ಎಲ್ಲವನ್ನೂ ಬರೆದುಕೊಂಡ ಮೇಲೆಯೇ ರೇಖೆ ಎಳೆಯಬೇಕು.

ಫೊನ್ಸೇಕಾ ಮತ್ತು ರಮಾಬಾಯಿ

ಗೋವೆಯ ಚಿತ್ರಕಾರ ಆಂಜೆಲೊ ದ ಫೊನ್ಸೇಕಾ (1902–1967) ಶಾಂತಿನಿಕೇತನದ ಪರಂಪರೆಯಲ್ಲಿ ಕಲಿತು ಬಂದು ಮರಿಯಮ್ಮನನ್ನು ಸೀರೆಯಲ್ಲಿ, ನಮ್ಮ ಮನೆಯ ಹೆಣ್ಣುಮಗಳಂತೆ ಚಿತ್ರಿಸಿದರು. ಸ್ವಂತ ಊರಿನ ಚರ್ಚಿನವರಿಗೆ ಅದು ಹಿಡಿಸಲಿಲ್ಲ. ಅವರು ಪುಣೆಗೆ ಬಂದು ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ನೆಲೆಸಿದರು. ಅವರ ಚಿತ್ರಗಳನ್ನು ಗೋವೆಯ ಪೋರ್ವೊರಿಮಿನ ಕ್ಸೇವಿಯರ್ ಇತಿಹಾಸ ಸಂಶೋಧನ ಕೇಂದ್ರ ಕಾಪಾಡಿಕೊಂಡು ಬಂದಿದೆ. ನಾವು ಹೋಗುವ ದೇಶದಲ್ಲೂ ಹೀಗೆ ಸ್ವಂತ ಸಭೆಯಿಂದಲೇ ಬೆಂಬಲ ಸಿಗದ ಒಬ್ಬ ಕಲಾವಿದ ಇರಬಹುದು. ಅವನನ್ನು ಹುಡುಕಿ, ಅವನ ಕೆಲಸವನ್ನು ಅಚ್ಚು ಹಾಕಿಸುವುದು ನಾವೇ ಚಿತ್ರ ಬರೆಯುವುದಕ್ಕಿಂತ ದೊಡ್ಡ ಸೇವೆ.

ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಆಶ್ರಮದಲ್ಲಿ ಅನಾಥ ಹುಡುಗಿಯರು, ಬಾಲವಿಧವೆಯರು ಅಚ್ಚಿನ ಮೊಳೆ ಜೋಡಿಸುವುದನ್ನು, ಅಚ್ಚು ಹಾಕುವುದನ್ನು ಕಲಿತರು. ಹೀಬ್ರೂ, ಗ್ರೀಕ್ ಕಲಿತು ರಮಾಬಾಯಿ ಸರಳ ಮರಾಠಿಗೆ ತಂದ ಸತ್ಯವೇದ ಅಚ್ಚಾದದ್ದು ಆ ಹೆಣ್ಣುಮಕ್ಕಳ ಕೈಯಿಂದ. ರಮಾಬಾಯಿ 1922ರಲ್ಲಿ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ, 1924ರಲ್ಲಿ ಪುಸ್ತಕ ಹೊರಬಂದಿತು. ಎರಡು ವಾರದ ಪ್ರವಾಸದಲ್ಲಿ ಹೋಗಿ, ಚಂದದ ವಿಡಿಯೋ ಮಾಡಿ, ಹಾರ್ಡ್‌ಡಿಸ್ಕ್ ಸಮೇತ ಮರಳುವವರಿಗೂ ಇದಕ್ಕೂ ಇರುವ ಅಂತರ ನೋಡಿ. ಹೊರಡುವಾಗ ನಿಮ್ಮ ಸೇವೆಯ ದಿನಗಳಲ್ಲಿ ಅರ್ಧವನ್ನಾದರೂ ಕಲಿಸುವುದಕ್ಕೆ ಎಂದು ತೆಗೆದಿಡಿ. ಅವರಿಗೆ ಕೊಳ್ಳಲಾಗದ ಸಾಫ್ಟ್‌ವೇರಿನಲ್ಲಿ ಕಲಿಸಬೇಡಿ.

ಅನುಮತಿ

ಇದು ಬೇಸರದ ಭಾಗ, ಆದರೆ ಬಿಡುವಂತಿಲ್ಲ. ಪ್ರವಾಸಿ ವೀಸಾ ತೆಗೆದುಕೊಂಡು ಪ್ರಚಾರಕಾರ್ಯ ಮಾಡುವುದು ಸುಳ್ಳು. ಸುವಾರ್ತೆಯನ್ನು ಸುಳ್ಳಿನ ಮೇಲೆ ನಿಲ್ಲಿಸಲಾಗದು. ನಮಗೆ ಹತ್ತಿರದ ನೇಪಾಳವನ್ನೇ ನೋಡಿ. 2015ರ ಸಂವಿಧಾನದ 26ನೆಯ ವಿಧಿ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2018ರಲ್ಲಿ ಜಾರಿಗೆ ಬಂದ ದಂಡಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಸೆರೆವಾಸವಿದೆ. ನಾವು ಹಾಕುವ ಒಂದು ಫೋಟೋದಿಂದ ತೊಂದರೆಗೆ ಸಿಲುಕುವವರು ಅಲ್ಲಿಯೇ ಬದುಕಬೇಕಾದ ವಿಶ್ವಾಸಿಗಳು, ವಿಮಾನ ಹತ್ತಿ ಬರುವ ನಾವಲ್ಲ. ಫೋಟೋದ ಕಡತದೊಳಗೆ ತೆಗೆದ ಸ್ಥಳದ ಗುರುತು ಸೇರಿರುತ್ತದೆ, ಕಳುಹಿಸುವ ಮೊದಲು ಅದನ್ನು ಅಳಿಸಿ. ಹಸಿದ ಮಗುವಿನ ಮುಖ ತೋರಿಸಿ ಹಣ ಎತ್ತಬೇಡಿ. ನಿಮ್ಮ ಮಗುವಿನದಾಗಿದ್ದರೆ ಆ ಚಿತ್ರವನ್ನು ಸಭೆಯ ಗೋಡೆಗೆ ಹಾಕಲು ಬಿಡುತ್ತಿದ್ದಿರೇ?

ಮುಂದಿನ ಭಾನುವಾರಕ್ಕೆ

ಪ್ರತಿಯೊಬ್ಬರೂ ಒಂದು ಸಾಮ್ಯವನ್ನು, ಅದರ ಕಸುಬು ಬಲ್ಲ ಒಬ್ಬರಿಗೆ ಹೇಳಿ ಬರಬೇಕು. ಬಿತ್ತುವವನ ಕಥೆಯನ್ನು ರೈತರಿಗೆ, ಹುಳಿಹಿಟ್ಟಿನ ಕಥೆಯನ್ನು ಬೇಕರಿಯವರಿಗೆ, ಬಲೆಯ ಕಥೆಯನ್ನು ಮೀನುಗಾರರಿಗೆ. ದನಿ ಮುದ್ರಿಸಿಕೊಳ್ಳುವ ಮೊದಲು ಒಪ್ಪಿಗೆ ಕೇಳಿ, ಮುದ್ರಿಸಿದ್ದನ್ನು ಅವರಿಗೇ ಮೊದಲು ಕೇಳಿಸಿ. ವಾಕಡಿನ ಹಿರಿಯರು ಹೆಸರು ಬೇಡ ಎಂದಿದ್ದಾರೆ, ದನಿ ಬಳಸಬಹುದು ಎಂದಿದ್ದಾರೆ. ಕುರಿಯ ಕಥೆಯನ್ನು ಅವರೇ ತಮ್ಮ ಮಾತಿನಲ್ಲಿ ಹೇಳಿದ 4 ನಿಮಿಷದ ಮುದ್ರಣ ನನ್ನ ಬಳಿ ಇದೆ. ಅದರಲ್ಲಿ ತೊಂಬತ್ತೊಂಬತ್ತು ಕುರಿ ಕಾಯಲು ಉಳಿದ ಜೊತೆಗಾರನಿಗೂ ಒಂದು ಮಾತು ಬಂದಿದೆ. ಅದನ್ನು ಇಟ್ಟುಕೊಳ್ಳಬಹುದೇ ಎಂದು ಸಭಾಪಾಲಕರೊಂದಿಗೆ ಕುಳಿತು ಕೇಳೋಣ.